39 ಡಾಲರ್ 60 ಸೆಂಟ್ ಕೇಳಿದ ಅಳಿಯ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ತಲೆಮಾರಿನವರೂ ಒಂದೇ ಕಥೆ ನೋಡಿದ್ದೇವೆ. ಅಮ್ಮನ ಕಾಲಕ್ಕೆ ‘ಚೋರಿ ಚೋರಿ’, ನನ್ನ ಕಾಲಕ್ಕೆ ‘ದಿಲ್ ಹೈ ಕೆ ಮಾನತಾ ನಹೀಂ’, ಮಗಳಿಗೆ ಗಣೇಶ್ ಅವರ ‘ಹುಡುಗಾಟ’. ಮೊನ್ನೆ ಎಲ್ಲರೂ ಕೂತು ಇವುಗಳ ಮೂಲವಾದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ನೋಡಿದೆವು. ಮಗಳು ಕೇಳಿದಳು: ಅಷ್ಟು ಆಸ್ತಿಗೆ ವಾರಸುದಾರಳಾದ ಹುಡುಗಿ. ಅಪ್ಪ ಯಾರನ್ನೂ ನಂಬದ ಮನುಷ್ಯ. ಕೆಲಸ ಕಳೆದುಕೊಂಡ ಒಬ್ಬ ಪತ್ರಕರ್ತನನ್ನು ಒಂದೇ ಭೇಟಿಯಲ್ಲಿ ಹೇಗೆ ಒಪ್ಪಿಕೊಂಡ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ. ನೋಡದವರಿಗಾಗಿ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನಾಯಕಿ ಎಲೀ ಆಂಡ್ರೂಸ್ ದೊಡ್ಡ ಶ್ರೀಮಂತನ ಮಗಳು. ಕಿಂಗ್ ವೆಸ್ಟ್ಲಿ ಎಂಬ ಷೋಕಿಲಾಲ ವಿಮಾನ ಹಾರಿಸುವವನನ್ನು ಅಪ್ಪನಿಗೆ ಹೇಳದೆ ಮದುವೆಯಾಗಿದ್ದಾಳೆ. ಅವನ ಕಣ್ಣು ಹಣದ ಮೇಲೆ ಅಂತ ಅಪ್ಪನಿಗೆ ಗೊತ್ತು. ಮಗಳನ್ನು ತನ್ನ ಹಡಗಿನಲ್ಲಿ ಕೂಡಿಹಾಕುತ್ತಾನೆ. ಅವಳು ಫ್ಲಾರಿಡಾದ ಸಮುದ್ರಕ್ಕೆ ಜಿಗಿದು ಈಜಿ ತಪ್ಪಿಸಿಕೊಂಡು, ನ್ಯೂಯಾರ್ಕ್‌ಗೆ ಹೋಗುವ ರಾತ್ರಿ ಬಸ್ ಹತ್ತುತ್ತಾಳೆ. ಅದೇ ಬಸ್ಸಿನಲ್ಲಿ ಪೀಟರ್ ವಾರ್ನ್ ಎಂಬ ಪತ್ರಕರ್ತ ಇದ್ದಾನೆ.

ಈಗ ಚಿತ್ರವನ್ನು ಇನ್ನೊಮ್ಮೆ ನೋಡಿ. ಈ ಸಲ ಯಾರ ಕೈಯಿಂದ ಯಾರ ಕೈಗೆ ದುಡ್ಡು ಹೋಗುತ್ತದೆ ಅನ್ನುವುದನ್ನಷ್ಟೇ ಗಮನಿಸಿ. ಎಲೀ ಹತ್ತಿರ ಇರುವುದು ಚಿಲ್ಲರೆ ಹಣ. ಆದರೂ ಚಾಕೊಲೇಟ್ ಕೊಳ್ಳಲು ಹೋಗುತ್ತಾಳೆ. ಪೀಟರ್ ಅದನ್ನು ವಾಪಸ್ ಮಾಡಿಸಿ, ಇನ್ನು ಮೇಲೆ ನಿನ್ನ ಖರ್ಚಿಗೆ ಲೆಕ್ಕ ಇದೆ ಅನ್ನುತ್ತಾನೆ. ಅವಳಿಗೆ ಹಾಗೆ ಹೇಳಿದ ಮೊದಲ ಮನುಷ್ಯ ಅವನೇ ಇರಬೇಕು! ಮುಂದೆ ಬಸ್ಸಿನಲ್ಲಿ ಒಬ್ಬ ಹೆಂಗಸು ಹಸಿವಿನಿಂದ ಕುಸಿದು ಬೀಳುತ್ತಾಳೆ. ಕೈಲಿದ್ದದ್ದೆಲ್ಲ ಟಿಕೆಟ್ಟಿಗೇ ಹೋಯಿತು ಅಂತ ಅವಳ ಪುಟ್ಟ ಮಗ ಅಳುತ್ತಾನೆ. ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದ ಕಾಲ ಅದು. ಇವರ ಹತ್ತಿರ ಉಳಿದಿದ್ದ ನೋಟು ಆ ಹುಡುಗನ ಕೈ ಸೇರುತ್ತದೆ. ಆಮೇಲೆ ಇಬ್ಬರಿಗೂ ಹೊಟ್ಟೆಗೆ ಹಸಿ ಕ್ಯಾರೆಟ್ಟೇ ಗತಿ. ಮೊದಲು ಬೇಡವೇ ಬೇಡ ಅಂದಿದ್ದ ಎಲೀ ಕೊನೆಗೆ ಅದನ್ನೇ ಕಚ್ಚುತ್ತಾಳೆ. ಎಲೀ ಪಾತ್ರದ ಕ್ಲಾಡೆಟ್ ಕೋಲ್ಬರ್ಟ್ ಆ ಕ್ಯಾರೆಟ್ ತಿನ್ನುವ ರೀತಿ ನೋಡಿದರೆ ಸಾಕು, ಹುಡುಗಿ ಬದಲಾಗಿದ್ದಾಳೆ ಅಂತ ಮಾತಿಲ್ಲದೆ ತಿಳಿಯುತ್ತದೆ.

ಇತ್ತ ಅಪ್ಪ ಮಗಳನ್ನು ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನ ಸಾರಿದ್ದಾನೆ. ಬಸ್ಸಿನ ಒಬ್ಬ ವಾಚಾಳಿ ಪ್ರಯಾಣಿಕ ಆಗಲೇ ಅದರಲ್ಲಿ ಪಾಲು ಕೇಳುತ್ತಾನೆ. ಹಾಗಾಗಿ ಕೊನೆಯಲ್ಲಿ, ‘ಹಣದ ವಿಷಯ ಮಾತಾಡಬೇಕು’ ಅಂತ ಪೀಟರ್‌ನಿಂದ ಸುದ್ದಿ ಬಂದಾಗ ಅಪ್ಪ ಏನು ಅಂದುಕೊಳ್ಳಬೇಕು? ಬಹುಮಾನಕ್ಕೇ ಬಂದ ಅಂತ ತಾನೆ? ಎಲೀ ಕೂಡ ಹಾಗೆಯೇ ಅಂದುಕೊಳ್ಳುತ್ತಾಳೆ. ಆದರೆ ಪೀಟರ್ ಮುಂದಿಡುವುದು 39 ಡಾಲರ್ 60 ಸೆಂಟ್‌ನ ಬಿಲ್. ಕೈಯಿಂದ ಹಾಕಿದ ದಾರಿ ಖರ್ಚು, ಜೊತೆಗೆ ಕೋಟು, ಹ್ಯಾಟು, ಸೂಟ್‌ಕೇಸು, ಅಂಗಿಗಳ ಲೆಕ್ಕ. ಒಂದು ಸೆಂಟ್ ಹೆಚ್ಚೂ ಇಲ್ಲ. ಬಹುಮಾನ ಅವನಿಗೆ ಬೇಡವೇ ಬೇಡ. ಆಸ್ತಿ ಇರುವ ಮನೆಯ ಹಿರಿಯನಿಗೆ ತನ್ನ ಸುತ್ತ ಬರುವವರೆಲ್ಲ ಏನು ಕೇಳುತ್ತಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ಆ ಬಿಲ್ ಅವನಿಗೆ ಬೇರೆ ಯಾವ ಶಿಫಾರಸಿಗಿಂತ ದೊಡ್ಡದು. ಮಗಳನ್ನು ಪ್ರೀತಿಸುತ್ತೀಯಾ ಅಂತ ಮತ್ತೆ ಮತ್ತೆ ಕೆದಕುತ್ತಾನೆ. ಪೀಟರ್ ಸಿಟ್ಟಿನಲ್ಲೇ ಹೌದು ಅನ್ನುತ್ತಾನೆ. ಅಷ್ಟು ಸಾಕಾಯಿತು.

ವೆಸ್ಟ್ಲಿ ಜೊತೆಗಿನ ಮದುವೆ ಮಂಟಪಕ್ಕೆ ಮಗಳ ಕೈ ಹಿಡಿದು ನಡೆಸಿಕೊಂಡು ಹೋಗುವಾಗ ಅಪ್ಪ ಪಿಸುಗುಟ್ಟುವುದೂ ಈ ಬಿಲ್ಲಿನ ವಿಷಯವನ್ನೇ. ಹಿಂದಿನ ಗೇಟಿನಲ್ಲಿ ಕಾರು ನಿಂತಿದೆ, ಬೇಕಾದರೆ ಓಡು ಅಂತಾನೆ. ಅಪ್ಪನಾಗಿ ವಾಲ್ಟರ್ ಕಾನಲಿ ಅವರ ಅಭಿನಯ ನನಗೆ ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ. ಮಗಳ ಮನಸ್ಸಿನ ಸುಖಕ್ಕಾಗಿ ತುಂಬಿದ ಸಭೆಯೆದುರು ಮರ್ಯಾದೆ ಕಳೆದುಕೊಳ್ಳಲು ಸಿದ್ಧನಾದ ಅಪ್ಪ ಅವನು.

ಪ್ರಶ್ನೆ: ಅವಳು ಮಂಟಪದಿಂದ ಓಡಿ ಬಂದಾಯಿತಲ್ಲ, ಮತ್ತೆ ಮದುವೆ ರದ್ದಾದ ತಂತಿಗಾಗಿ (ಟೆಲಿಗ್ರಾಂ) ಯಾಕೆ ಕಾಯುತ್ತಾರೆ?
– ಓದುಗರು, ಧಾರವಾಡ

ಉತ್ತರ: ಆ ದೊಡ್ಡ ಸಮಾರಂಭ ಎರಡನೆಯದು. ಕಾನೂನಿನ ಪ್ರಕಾರ ವೆಸ್ಟ್ಲಿ ಜೊತೆಗಿನ ಮದುವೆ ಚಿತ್ರ ಶುರುವಾಗುವ ಮೊದಲೇ ಆಗಿದೆ. ಆದರೆ ಇಬ್ಬರೂ ಒಂದು ದಿನವೂ ಸಂಸಾರ ಮಾಡಿಲ್ಲ, ಅಪ್ಪ ಅಷ್ಟರಲ್ಲೇ ಮಗಳನ್ನು ಎಳೆದುಕೊಂಡು ಬಂದಿದ್ದಾನೆ. ಹಾಗಾಗಿ ಆ ಮದುವೆ ರದ್ದಾಗಬೇಕು. ಅಪ್ಪ ವೆಸ್ಟ್ಲಿಗೆ ದುಡ್ಡು ಕೊಟ್ಟು ತಕರಾರು ಇಲ್ಲದಂತೆ ಮಾಡುತ್ತಾನೆ. ಅಳಿಯರಿಬ್ಬರ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ ಅಲ್ವಾ?

ದಾರಿಯಲ್ಲಿ ತಂಗುವ ಬಾಡಿಗೆ ಕೋಣೆಯಲ್ಲಿ ಪೀಟರ್ ಇಬ್ಬರ ಹಾಸಿಗೆಯ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟು, ಅದಕ್ಕೆ ಜೆರಿಕೋ ಕೋಟೆ ಅಂತ ಹೆಸರಿಡುತ್ತಾನೆ. ಬೈಬಲ್‌ನಲ್ಲಿ ಆ ಕೋಟೆ ಬಿದ್ದದ್ದು ಕಹಳೆ ಊದಿದಾಗ. ಕೊನೆಯಲ್ಲೂ ಮದುವೆ ರದ್ದಾದ ತಂತಿ ಬರುವವರೆಗೂ ಕಂಬಳಿ ಹಾಗೇ ಇರುತ್ತದೆ. ಬಂದ ಮೇಲೆ ಆಟದ ತುತ್ತೂರಿಯ ಸದ್ದು ಕೇಳಿಸುತ್ತದೆ, ಕಂಬಳಿ ಬೀಳುತ್ತದೆ. ಜೋಡಿಯ ಮುಖ ತೋರಿಸುವುದೇ ಇಲ್ಲ! ಟಾಕಿ, ಅಂದರೆ ಮಾತಾಡುವ ಚಿತ್ರ, ಬಂದು ಕೆಲವೇ ವರ್ಷವಾಗಿತ್ತು. ನಿರ್ದೇಶಕ ಫ್ರಾಂಕ್ ಕಾಪ್ರಾ ಮತ್ತು ಬರಹಗಾರ ರಾಬರ್ಟ್ ರಿಸ್ಕಿನ್ ಬರೀ ಒಂದು ಸದ್ದಿನಿಂದ ಕಥೆ ಮುಗಿಸಿದ ಜಾಣ್ಮೆಗೆ ನಾನು ಪ್ರತಿ ಸಲ ಚಪ್ಪಾಳೆ ಹೊಡೆಯುತ್ತೇನೆ.

ಪ್ರಶ್ನೆ: ನಾಯಕಿಗೆ ಈ ಚಿತ್ರ ಮಾಡಲು ಇಷ್ಟವೇ ಇರಲಿಲ್ಲವಂತೆ, ನಿಜವೇ?
– ಓದುಗರು, ಮಂಗಳೂರು

ಉತ್ತರ: ನಿಜ. ಕೋಲ್ಬರ್ಟ್ ರಜೆಗೆ ಹೊರಟಿದ್ದರು. ತಮ್ಮ ಮಾಮೂಲಿ ಸಂಭಾವನೆಯ ಎರಡರಷ್ಟು, ಅಂದರೆ 50,000 ಡಾಲರ್ ಕೇಳಿದರು, ನಾಲ್ಕು ವಾರದಲ್ಲಿ ಮುಗಿಸಬೇಕು ಅಂದರು. ಕೊಲಂಬಿಯಾ ಕಂಪನಿ ಒಪ್ಪಿತು. 1935ರಲ್ಲಿ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಐದೂ ದೊಡ್ಡ ಆಸ್ಕರ್ ಈ ಚಿತ್ರಕ್ಕೇ ಬಂದವು. ನಟ ಕ್ಲಾರ್ಕ್ ಗೇಬಲ್. ಕೋಲ್ಬರ್ಟ್ ಅಂದು ರೈಲು ಹತ್ತುವುದರಲ್ಲಿದ್ದರು. ಅವರನ್ನು ಕರೆತಂದರು, ಪ್ರಯಾಣದ ಉಡುಪಿನಲ್ಲೇ ಪ್ರಶಸ್ತಿ ಪಡೆದರು.

ಪ್ರಶ್ನೆ: ಈ ಚಿತ್ರ ತೆರೆಕಂಡ ವರ್ಷ ನಮ್ಮಲ್ಲಿ ಯಾವ ಚಿತ್ರ ಬಂದಿತ್ತು?
– ಓದುಗರು, ಬೆಂಗಳೂರು

ಉತ್ತರ: ‘ಸತಿ ಸುಲೋಚನ’! ಕಾಪ್ರಾ ಚಿತ್ರ ನ್ಯೂಯಾರ್ಕ್‌ನಲ್ಲಿ ತೆರೆಕಂಡದ್ದು 1934ರ ಫೆಬ್ರವರಿ ಕೊನೆಯಲ್ಲಿ. ಕನ್ನಡದ ಮೊದಲ ಟಾಕಿ ಬೆಂಗಳೂರಿನಲ್ಲಿ ಬಂದದ್ದು ಮಾರ್ಚ್ 3ಕ್ಕೆ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಂದು ನೋಡಲು ಅದರ ಪ್ರತಿ ಉಳಿದಿಲ್ಲ. ನಿಮ್ಮ ಮನೆಯ ಹಳೆ ಟ್ರಂಕಿನಲ್ಲಿ ಆ ಕಾಲದ ಚಿತ್ರಗಳ ಹಾಡಿನ ಪುಸ್ತಕವೋ ಕರಪತ್ರವೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದು ಫೋಟೊ ತೆಗೆದು ಈ ಅಂಕಣಕ್ಕೆ ಕಳಿಸಿ.