ಹೆಣಿಗೆ ಪ್ರಶ್ನೋತ್ತರ: ಕಾಲುಚೀಲದ ಹಿಮ್ಮಡಿ, ಹೊದಿಕೆಯ ಅಂಚು

ಈ ಸಲದ ಪ್ರಶ್ನೆಗಳಲ್ಲಿ ಅರ್ಧದಷ್ಟು ಕಾಲುಚೀಲದ ಬಗ್ಗೆಯೇ ಇವೆ, ಆದ್ದರಿಂದ ಅವನ್ನೇ ಮೊದಲು ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ಕುಣಿಕೆ ಎಂದರೆ ಕಡ್ಡಿಯ ಮೇಲಿರುವ ಒಂದು ಸ್ಟಿಚ್. ಸೀದಾ ಬದಿ ಎಂದರೆ ಹೊರಗೆ ಕಾಣುವ ಮೈ, ಉಲ್ಟಾ ಬದಿ ಎಂದರೆ ಒಳಮೈ. ನಿಟ್ ಎಂದರೆ ನೂಲನ್ನು ಹಿಂದೆ ಇಟ್ಟು ಹೆಣೆಯುವ ಸೀದಾ ಹೆಣಿಗೆ, ಪರ್ಲ್ ಎಂದರೆ ನೂಲನ್ನು ಮುಂದೆ ಇಟ್ಟು ಹೆಣೆಯುವ ಉಲ್ಟಾ ಹೆಣಿಗೆ.

ಪ್ರಶ್ನೆ: ಪ್ಯಾಟರ್ನ್‌ನಲ್ಲಿ ಹೇಳಿದಂತೆಯೇ 2.5 ಮಿ.ಮೀ. ಕಡ್ಡಿಯಲ್ಲಿ 64 ಕುಣಿಕೆ ಹಾಕಿ ಹೆಣೆದೆ. ನನ್ನ ಪಾದದ ಸುತ್ತಳತೆ 22 ಸೆಂ.ಮೀ. ಆದರೂ ಕಾಲುಚೀಲ ಸಡಿಲವಾಗಿ ಜಾರಿ ಕೆಳಗೆ ಬರುತ್ತದೆ. ಏಕೆ?

ಪ್ಯಾಟರ್ನ್ ಬರೆದವರ ಕೈ ಬಿಗಿ ಬೇರೆ, ನಿಮ್ಮ ಕೈ ಬಿಗಿ ಬೇರೆ. ಕಾಲುಚೀಲ ನಿಲ್ಲಬೇಕಾದರೆ ಅದು ಪಾದಕ್ಕಿಂತ ಸುಮಾರು 10% ಚಿಕ್ಕದಿರಬೇಕು, ಹಾಕಿಕೊಂಡಾಗ ಹಿಗ್ಗಿ ಕಾಲನ್ನು ಹಿಡಿಯಬೇಕು. ಕಾಲ್ಬೆರಳುಗಳ ಬುಡದ ಹತ್ತಿರ, ಪಾದದ ಅಗಲವಾದ ಜಾಗದಲ್ಲಿ ಅಳೆದಾಗ 22 ಸೆಂ.ಮೀ. ಇದ್ದರೆ ಚೀಲದ ಸುತ್ತಳತೆ 20 ಸೆಂ.ಮೀ. ಸಾಕು. 10 ಸೆಂ.ಮೀ.ಗೆ 32 ಕುಣಿಕೆ ಬರುವ ಕೈಗೆ 20 × 3.2 = 64 ಸರಿ. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 28 ಮಾತ್ರ ಬರುತ್ತಿದ್ದರೆ ಅದೇ 64 ಕುಣಿಕೆ ಸುಮಾರು 23 ಸೆಂ.ಮೀ. ಆಗುತ್ತದೆ, ಅಂದರೆ ಪಾದಕ್ಕಿಂತಲೂ ದೊಡ್ಡದು.

ಎರಡು ದಾರಿಗಳಿವೆ. 56 ಕುಣಿಕೆಗೆ ಇಳಿಯಬಹುದು, ಇಲ್ಲವೇ ಕಡ್ಡಿಯನ್ನು 2.25ಕ್ಕೋ 2ಕ್ಕೋ ಇಳಿಸಬಹುದು. ಕಾಲುಚೀಲಕ್ಕೆ ಎರಡನೆಯದೇ ಒಳ್ಳೆಯದು. ಸಡಿಲವಾಗಿ ಹೆಣೆದ ಚೀಲದಲ್ಲಿ ನೂಲು ಶೂ ಒಳಗೆ ಅಲುಗಾಡುತ್ತಾ ಬೇಗ ಸವೆಯುತ್ತದೆ.

ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ ಎಷ್ಟು ಕುಣಿಕೆ ಬರುತ್ತವೆ ಎಂದು ನೋಡಲು ಅಳತೆಯ ತುಂಡನ್ನು ಹೆಣೆಯುವಾಗ ಒಂದು ಎಚ್ಚರ ಬೇಕು. ಕಾಲುಚೀಲವನ್ನು ಸುತ್ತಾಗಿ ಹೆಣೆಯುತ್ತೇವೆ, ಅಲ್ಲಿ ಎಲ್ಲವೂ ನಿಟ್. ತುಂಡನ್ನು ಹಿಂದೆ-ಮುಂದೆ ಹೆಣೆದರೆ ಪರ್ಲ್ ಸಾಲುಗಳು ಸೇರಿಕೊಳ್ಳುತ್ತವೆ, ಬಹಳ ಜನರ ಪರ್ಲ್ ನಿಟ್‌ಗಿಂತ ಸಡಿಲ. ಆದ್ದರಿಂದ ಎರಡೂ ತುದಿ ಮೊನಚಾದ ಕಡ್ಡಿಯಲ್ಲಿ 40 ಕುಣಿಕೆ ಹಾಕಿ. ಒಂದು ಸಾಲು ನಿಟ್ ಮಾಡಿದ ಮೇಲೆ ತಿರುಗಿಸಬೇಡಿ. ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಸರಿಸಿ, ನೂಲನ್ನು ಹಿಂಬದಿಯಲ್ಲಿ ಧಾರಾಳವಾಗಿ ಸಡಿಲ ಬಿಟ್ಟು ತಂದು ಮತ್ತೆ ನಿಟ್ ಮಾಡಿ. 8 ಸೆಂ.ಮೀ. ಎತ್ತರವಾದ ಮೇಲೆ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವೆ ಅಳೆಯಿರಿ. ಉದ್ದದಲ್ಲೂ ಚೀಲ ಪಾದಕ್ಕಿಂತ 1 ಸೆಂ.ಮೀ. ಕಡಿಮೆಯೇ ಇರಲಿ.

ಪ್ರಶ್ನೆ: ಕಾಲುಚೀಲದ ಬಾಯಿ ಹಿಮ್ಮಡಿ ದಾಟುವುದೇ ಇಲ್ಲ. ಮುಂದಿನ ಸಲ ಎರಡು ಕಡ್ಡಿ ಸೇರಿಸಿ ಕಾಸ್ಟ್ ಆನ್ (ಮೊದಲ ಕುಣಿಕೆಗಳನ್ನು ಹಾಕುವುದು) ಮಾಡಿದೆ, ಅಂಚು ಜೋಲು ಬಿತ್ತೇ ಹೊರತು ಹಿಗ್ಗಲಿಲ್ಲ.

ಎರಡು ಕಡ್ಡಿ ಸೇರಿಸಿದರೆ ಕುಣಿಕೆಗಳು ದೊಡ್ಡದಾಗುತ್ತವೆ. ಆದರೆ ಅಂಚು ಹಿಗ್ಗುವುದು ಕುಣಿಕೆಗಳ ಮಧ್ಯೆ ಇರುವ ನೂಲಿನಿಂದ. ಒಂದೇ ಕಡ್ಡಿ ಹಿಡಿದು, ಪ್ರತಿ ಹೊಸ ಕುಣಿಕೆಯನ್ನು ಹಿಂದಿನದರಿಂದ ಮೂರ್ನಾಲ್ಕು ಮಿ.ಮೀ. ದೂರದಲ್ಲಿ ಕೂರಿಸಿ, ನಡುವಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಬೆರಳ ತುದಿಯಿಂದ ಮೇಲಕ್ಕೆ ಹೆಣೆದು ಬಾಯಿಯಲ್ಲಿ ಮುಗಿಸುವವರಿಗೆ ಹಿಗ್ಗುವ ಬೈಂಡ್ ಆಫ್ (ಕೊನೆಯ ಕುಣಿಕೆಗಳನ್ನು ಮುಚ್ಚುವುದು) ಹೀಗೆ: ಎರಡು ಕುಣಿಕೆ ಹೆಣೆಯಿರಿ, ಎರಡನ್ನೂ ಎಡಗಡ್ಡಿಗೆ ವಾಪಸ್ ಹಾಕಿ, ಹಿಂಬದಿಯಿಂದ ಕಡ್ಡಿ ತೂರಿಸಿ ಎರಡನ್ನೂ ಸೇರಿಸಿ ಹೆಣೆಯಿರಿ. ಆಮೇಲೆ ಇನ್ನೊಂದು ಹೆಣೆದು ಇದನ್ನೇ ಮುಂದುವರಿಸಿ.

ಪ್ರಶ್ನೆ: ಹಿಮ್ಮಡಿ ತಿರುಗಿಸುವ ಲೆಕ್ಕ ತಲೆಗೆ ಹತ್ತುತ್ತಿಲ್ಲ. ಹೇಗೋ ಮುಗಿಸಿದರೂ ಇಕ್ಕೆಲಗಳಲ್ಲಿ ತೂತು ಉಳಿಯುತ್ತದೆ. 64 ಕುಣಿಕೆಗೆ ಬಿಡಿಸಿ ಹೇಳಿ.

ಅರ್ಧ ಕುಣಿಕೆಗಳು, ಅಂದರೆ 32, ಹಿಮ್ಮಡಿಗೆ. ಉಳಿದ 32 ಪಾದದ ಮೇಲ್ಭಾಗಕ್ಕೆ ಸೇರಿದವು, ಅವು ಸುಮ್ಮನೆ ಕಾಯಲಿ. ಹಿಮ್ಮಡಿಯ ಪಟ್ಟಿಯನ್ನು ಹಿಂದೆ-ಮುಂದೆ 32 ಸಾಲು ಹೆಣೆಯಬೇಕು. ಸೀದಾ ಬದಿಯ ಸಾಲಿನಲ್ಲಿ ಒಂದು ಕುಣಿಕೆ ಹೆಣೆಯದೆ ಜಾರಿಸಿ, ಒಂದು ನಿಟ್ ಮಾಡಿ, ಹೀಗೇ ಕೊನೆಯವರೆಗೆ. ಉಲ್ಟಾ ಬದಿಯಲ್ಲಿ ಮೊದಲನೆಯದನ್ನು ಜಾರಿಸಿ ಉಳಿದೆಲ್ಲ ಪರ್ಲ್. ಜಾರಿಸಿದ ಕುಣಿಕೆಗಳ ಹಿಂದೆ ನೂಲು ಹಾಯುವುದರಿಂದ ಪಟ್ಟಿ ದಪ್ಪವಾಗಿ ಹೆಚ್ಚು ಬಾಳುತ್ತದೆ. ಎರಡು ಸಾಲಿಗೊಂದರಂತೆ ಎರಡೂ ಅಂಚಿನಲ್ಲಿ 16 ಉದ್ದ ಕುಣಿಕೆಗಳ ಸರಪಳಿ ಸಿಗುತ್ತದೆ.

ಈಗ ತಿರುವು. ಸೀದಾ ಬದಿಯಲ್ಲಿ 18 ನಿಟ್, ನಂತರ ಎಸ್‌ಎಸ್‌ಕೆ (ಎರಡನ್ನು ಒಂದೊಂದಾಗಿ ನಿಟ್‌ನಂತೆ ಜಾರಿಸಿ, ಹಿಂಬದಿಯಿಂದ ಸೇರಿಸಿ ಹೆಣೆಯುವುದು), 1 ನಿಟ್. ಆ ಕಡೆ 11 ಕುಣಿಕೆ ಉಳಿದಿರುತ್ತವೆ, ಅವನ್ನು ಬಿಟ್ಟು ತಿರುಗಿಸಿ. ಉಲ್ಟಾ ಬದಿಯಲ್ಲಿ 1 ಜಾರಿಸಿ, 5 ಪರ್ಲ್, ಎರಡನ್ನು ಸೇರಿಸಿ ಪರ್ಲ್, 1 ಪರ್ಲ್. ಈ ಕಡೆಯೂ 11 ಉಳಿದಿವೆಯೇ ಎಂದು ಎಣಿಸಿ. ತಪ್ಪಿದ್ದರೆ ಇಲ್ಲೇ ಬಿಚ್ಚಿ, ಮುಂದೆ ಹೋದ ಮೇಲೆ ಸರಿಪಡಿಸುವುದು ಕಷ್ಟ. ತಿರುಗಿಸಿದ ಜಾಗದಲ್ಲಿ ಒಂದು ಸಣ್ಣ ಸೀಳು ಕಣ್ಣಿಗೆ ಕಾಣುತ್ತದೆ. ಇನ್ನು ಮುಂದೆ ಪ್ರತಿ ಸಾಲಿನಲ್ಲಿ 1 ಜಾರಿಸಿ, ಸೀಳಿಗೆ ಒಂದು ಕುಣಿಕೆ ಬಾಕಿ ಇರುವವರೆಗೆ ಹೆಣೆದು, ಸೀಳಿನ ಆಚೆ ಈಚೆಯ ಎರಡು ಕುಣಿಕೆ ಸೇರಿಸಿ, ಮತ್ತೊಂದು ಹೆಣೆದು ತಿರುಗಿಸಬೇಕು. ಕೊನೆಯ ಎರಡು ಸಾಲುಗಳಲ್ಲಿ ಸೇರಿಸಿದ ಮೇಲೆ ಹೆಣೆಯಲು ಕುಣಿಕೆ ಉಳಿಯುವುದಿಲ್ಲ, ಅದು ತಪ್ಪಲ್ಲ. ಮುಗಿದಾಗ ಕಡ್ಡಿಯ ಮೇಲೆ 18 ಇರಬೇಕು.

ತೂತು ಬೀಳುವುದು ಇಲ್ಲಿಂದ ಮುಂದೆ. 18ನ್ನು ನಿಟ್ ಮಾಡಿ, ಪಟ್ಟಿಯ ಅಂಚಿನ ಸರಪಳಿಯಿಂದ 16 ಕುಣಿಕೆ ಎತ್ತಿಕೊಳ್ಳುತ್ತೀರಿ. ಪಟ್ಟಿಯೂ ಪಾದದ ಮೇಲ್ಭಾಗವೂ ಸೇರುವ ಮೂಲೆಯಲ್ಲಿ ಒಂದು ನೂಲು ಎಳೆದುಕೊಂಡು ಸಡಿಲವಾಗಿರುತ್ತದೆ, ಏಕೆಂದರೆ ನೀವು ಪಟ್ಟಿ ಹೆಣೆಯುವಷ್ಟು ಹೊತ್ತೂ ಒಂದು ಕಡೆ ಕುಣಿಕೆಗಳು ಅಲುಗದೆ ಕಾಯುತ್ತಿದ್ದವು. ಆ ನೂಲನ್ನು ಕಡ್ಡಿಗೆ ಎತ್ತಿಕೊಂಡು, ಹಿಂಬದಿಯಿಂದ ಹೆಣೆದು ತಿರುಚಿ 17ನೆಯ ಕುಣಿಕೆ ಮಾಡಿ. ತಿರುಚದೆ ಹಾಗೇ ಹೆಣೆದರೆ ತೂತು ಇನ್ನೂ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಬದಿಯಲ್ಲೂ ಹೀಗೇ ಮಾಡಿದರೆ ಒಟ್ಟು 18 + 17 + 17 + 32 = 84. ಮುಂದೆ ಒಂದು ಸುತ್ತು ಇಳಿಕೆ, ಒಂದು ಸುತ್ತು ಸಾದಾ. ಇಳಿಕೆಯ ಸುತ್ತಿನಲ್ಲಿ ಮೇಲ್ಭಾಗದ 32ಕ್ಕೆ ಮುಂಚೆ ‘ಎರಡು ಸೇರಿಸಿ ನಿಟ್, 1 ನಿಟ್’, ದಾಟಿದ ಮೇಲೆ ‘1 ನಿಟ್, ಎಸ್‌ಎಸ್‌ಕೆ’. ಹತ್ತು ಇಳಿಕೆಗಳಲ್ಲಿ ಮತ್ತೆ 64ಕ್ಕೆ ಬರುತ್ತೀರಿ.

ಬೆರಳಿನ ತುದಿಗೆ ಬೇಕಾದ ಉದ್ದಕ್ಕಿಂತ 5 ಸೆಂ.ಮೀ. ಮೊದಲೇ ಇಳಿಸಲು ಶುರು ಮಾಡಿ. ಸುತ್ತು ಬಿಟ್ಟು ಸುತ್ತಿಗೆ 4ರಂತೆ 32ರವರೆಗೆ, ಆಮೇಲೆ ಪ್ರತಿ ಸುತ್ತಿಗೆ 4ರಂತೆ 16ರವರೆಗೆ ಇಳಿಸಿ, ಎಂಟೆಂಟು ಕುಣಿಕೆಗಳನ್ನು ಎದುರುಬದುರು ಹಿಡಿದು ದಬ್ಬಳದಿಂದ ಸೇರಿಸಿ.

ಪ್ರಶ್ನೆ: ಎರಡನೆಯ ಕಾಲುಚೀಲ ಯಾವಾಗಲೂ ಮೊದಲನೆಯದಕ್ಕಿಂತ ಉದ್ದವಾಗುತ್ತದೆ.

ಟೇಪಿನಿಂದ ಅಳೆಯುವುದನ್ನು ಬಿಟ್ಟು ಸುತ್ತುಗಳನ್ನು ಎಣಿಸಿ. ಹೆಣಿಗೆಯನ್ನು ಸ್ವಲ್ಪ ಎಳೆದು ಹಿಡಿದರೂ ಟೇಪು ಒಂದು ಸೆಂ.ಮೀ. ಸುಳ್ಳು ಹೇಳುತ್ತದೆ. ಪ್ರತಿ ಹತ್ತನೆಯ ಸುತ್ತಿಗೆ ಬೇರೆ ಬಣ್ಣದ ದಾರದ ತುಂಡೊಂದನ್ನು ಸಿಕ್ಕಿಸಿ, ಮೊದಲ ಚೀಲ ಮುಗಿಯುವವರೆಗೂ ತೆಗೆಯಬೇಡಿ. 100 ಗ್ರಾಂ ಉಂಡೆಯಿಂದ ಜೋಡಿ ಮಾಡುವವರು ಮೊದಲೇ ಅಡುಗೆಮನೆಯ ತಕ್ಕಡಿಯಲ್ಲಿ 50–50 ಗ್ರಾಂ ಎರಡು ಉಂಡೆ ಮಾಡಿಕೊಂಡರೆ ಎರಡನೆಯದಕ್ಕೆ ನೂಲು ಸಾಲದೇ ಹೋಗುವ ಭಯವೂ ಇರುವುದಿಲ್ಲ.

ಪ್ರಶ್ನೆ: ಮೆತ್ತಗಿನ ಶುದ್ಧ ಮೆರಿನೊ ಉಣ್ಣೆಯಲ್ಲಿ ಹೆಣೆದ ಚೀಲ ಬಹುಬೇಗ ಅಂಗಾಲಲ್ಲಿ ತೂತಾಯಿತು.

ಮೆತ್ತಗಿದ್ದಷ್ಟೂ ಬಾಳಿಕೆ ಕಡಿಮೆ. ಅದರಲ್ಲೂ ಒಂಟಿ ಎಳೆಯ, ಹುರಿ ಕಡಿಮೆ ಇರುವ ನೂಲು ಶಾಲಿಗೆ ಚೆಂದ, ಪಾದಕ್ಕಲ್ಲ. ಕಾಲುಚೀಲಕ್ಕೆ 75% ಉಣ್ಣೆ, 25% ನೈಲಾನ್ ಇರುವ, ಬಿಗಿ ಹುರಿಯ, 100 ಗ್ರಾಂಗೆ ಸುಮಾರು 400 ಮೀಟರ್ ಬರುವ ನೂಲು ನೋಡಿ. ಇರುವ ಚೀಲಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿರಿ. ತೆಳ್ಳಗಾದ ಜಾಗ ಕಂಡ ಕೂಡಲೇ ಅದೇ ದಪ್ಪದ ನೂಲನ್ನು ದಬ್ಬಳದಲ್ಲಿ ಪೋಣಿಸಿ, ಪ್ರತಿ ಕುಣಿಕೆಯ ‘ವಿ’ ಆಕಾರದ ಮೇಲೆಯೇ ಓಡಿಸಿ. ತೂತು ಬಿದ್ದ ಮೇಲೆ ರಫು ಮಾಡುವುದಕ್ಕಿಂತ ಇದು ಎಷ್ಟೋ ಸುಲಭ.

ಪ್ರಶ್ನೆ: ಮಗುವಿಗೆ 75 × 90 ಸೆಂ.ಮೀ. ಹೊದಿಕೆ ಹೆಣೆಯಬೇಕು. ಪ್ಯಾಟರ್ನ್ ಇಲ್ಲ. ಎಷ್ಟು ನೂಲು ಬೇಕೆಂದು ತಿಳಿಯುವುದು ಹೇಗೆ?

ಅದೇ ನೂಲು, ಅದೇ ಕಡ್ಡಿ, ಅದೇ ವಿನ್ಯಾಸದಲ್ಲಿ 15 × 15 ಸೆಂ.ಮೀ. ತುಂಡು ಹೆಣೆದು ತೂಗಿ. ಅದು 10 ಗ್ರಾಂ ಬಂತೆನ್ನೋಣ. ತುಂಡಿನ ವಿಸ್ತೀರ್ಣ 225 ಚದರ ಸೆಂ.ಮೀ., ಹೊದಿಕೆಯದು 6,750. ಅಂದರೆ 30 ಪಟ್ಟು, 300 ಗ್ರಾಂ. ಅಂಚಿಗೆ, ತುದಿಗಳಿಗೆ, ಕೈತಪ್ಪಿಗೆ 15% ಸೇರಿಸಿದರೆ 345 ಗ್ರಾಂ, 50 ಗ್ರಾಂನ ಏಳು ಉಂಡೆ. ಎಲ್ಲವನ್ನೂ ಒಟ್ಟಿಗೇ ಕೊಳ್ಳಿ, ಲೇಬಲ್ಲಿನ ಮೇಲಿನ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಂಖ್ಯೆ ಒಂದೇ ಇರಲಿ. ಬೇರೆ ಲಾಟ್ ಬೆರೆಸಲೇಬೇಕಾದರೆ ಎರಡೆರಡು ಸಾಲಿಗೊಮ್ಮೆ ಉಂಡೆ ಬದಲಿಸುತ್ತಾ ಹೋಗಿ, ಬಣ್ಣದ ವ್ಯತ್ಯಾಸ ಗೆರೆಯಾಗಿ ಎದ್ದು ಕಾಣದು.

ನೂಲು ಸಾಲುತ್ತದೋ ಇಲ್ಲವೋ ಎಂಬ ಅನುಮಾನ ಇದ್ದರೆ ಚೌಕ ಹೊದಿಕೆಯನ್ನು ಮೂಲೆಯಿಂದ ಹೆಣೆಯಿರಿ. 4 ಕುಣಿಕೆಯಿಂದ ಆರಂಭಿಸಿ, ಪ್ರತಿ ಸಾಲಿನಲ್ಲೂ 2 ನಿಟ್, ಕಡ್ಡಿಗೆ ಒಮ್ಮೆ ನೂಲು ಸುತ್ತಿ, ಉಳಿದದ್ದೆಲ್ಲ ನಿಟ್. ಪ್ರತಿ ಸಾಲಿಗೆ ಒಂದು ಹೆಚ್ಚುತ್ತದೆ. ನೂಲಿನ ಅರ್ಧ ತೂಕ ಮುಗಿಯಲು ಕೆಲವು ಗ್ರಾಂ ಇರುವಾಗಲೇ ಇಳಿಸಲು ಶುರು: 1 ನಿಟ್, ಎರಡು ಸೇರಿಸಿ, ನೂಲು ಸುತ್ತಿ, ಎರಡು ಸೇರಿಸಿ, ಉಳಿದದ್ದೆಲ್ಲ ನಿಟ್. ಇಷ್ಟು ನಿಶ್ಚಿಂತೆಯ ಹೊದಿಕೆ ಇನ್ನೊಂದಿಲ್ಲ.

ಪ್ರಶ್ನೆ: ನನ್ನ ಸ್ಟಾಕಿನೆಟ್ ಹೊದಿಕೆಯ ಅಂಚುಗಳು ಸುರುಳಿಯಾಗುತ್ತವೆ. ಎರಡು ಸಲ ಒದ್ದೆ ಮಾಡಿ ಪಿನ್ ಹಾಕಿ ಒಣಗಿಸಿದೆ, ಮತ್ತೆ ಸುತ್ತಿಕೊಂಡಿತು.

ಸುತ್ತಿಕೊಳ್ಳುವುದು ಸ್ಟಾಕಿನೆಟ್‌ನ ಸ್ವಭಾವ. ಒಂದು ಮೈಯಲ್ಲಿ ಎಲ್ಲ ನಿಟ್, ಇನ್ನೊಂದರಲ್ಲಿ ಎಲ್ಲ ಪರ್ಲ್ ಇರುವುದರಿಂದ ಎರಡು ಮೈಗಳ ಎಳೆತ ಸಮ ಇರುವುದಿಲ್ಲ. ಮೇಲಿನ ಕೆಳಗಿನ ಅಂಚು ಸೀದಾ ಬದಿಗೆ, ಪಕ್ಕದ ಅಂಚು ಉಲ್ಟಾ ಬದಿಗೆ ಮಡಚುತ್ತದೆ. ಪಿನ್ ಹಾಕಿದ ಫಲ ಮುಂದಿನ ಒಗೆತದವರೆಗೆ ಮಾತ್ರ. ಪ್ರತಿ ಸಾಲನ್ನೂ ನಿಟ್ ಮಾಡಿದಾಗ ಎರಡೂ ಮೈಯಲ್ಲಿ ನಿಟ್-ಪರ್ಲ್ ಬೆರೆತು ಕಾಣುವ ಗಾರ್ಟರ್ ಅಂಚು ಬೇಕು. ಅದೂ ಎರಡು ಮೂರು ಕುಣಿಕೆಯದಾದರೆ ಪ್ರಯೋಜನವಿಲ್ಲ, ಅಂಚೂ ಸೇರಿ ಮಡಚಿಕೊಳ್ಳುತ್ತದೆ. ಹೊದಿಕೆಗೆ 5 ಸೆಂ.ಮೀ. ಇರಲಿ.

ಆದರೆ ಪಕ್ಕದ ಗಾರ್ಟರ್ ಅಂಚು ತನ್ನದೇ ತೊಂದರೆ ತರುತ್ತದೆ. ಗಾರ್ಟರ್ ಸಾಲುಗಳು ಸ್ಟಾಕಿನೆಟ್ ಸಾಲುಗಳಿಗಿಂತ ಗಿಡ್ಡ. ಎರಡನ್ನೂ ಒಟ್ಟಿಗೆ ಹೆಣೆದಾಗ ಅಂಚು ಮೇಲಕ್ಕೆ ಎಳೆದು ಹೊದಿಕೆಯ ನಡುಭಾಗ ಉಬ್ಬುತ್ತದೆ. ಪ್ರತಿ ಎಂಟು ಸಾಲಿಗೊಮ್ಮೆ ಅಂಚಿನ ಕುಣಿಕೆಗಳನ್ನು ಮಾತ್ರ ಹೆಣೆದು, ತಿರುಗಿಸಿ, ವಾಪಸ್ ಹೆಣೆಯಿರಿ. ಎರಡು ಸಾಲು ಹೆಚ್ಚು ಸಿಕ್ಕಿ ಅಂಚು ಸಪಾಟಾಗುತ್ತದೆ. ಎರಡೂ ಬದಿಗೆ ಮಾಡಲು ಮರೆಯಬೇಡಿ.

ನಿಮ್ಮ ಹೊದಿಕೆ ಈಗಾಗಲೇ ಮುಗಿದಿರುವುದರಿಂದ ಸುತ್ತಲೂ ಕುಣಿಕೆ ಎತ್ತಿ ಅಂಚು ಸೇರಿಸಿ. ಪಕ್ಕದಲ್ಲಿ ನಾಲ್ಕು ಸಾಲಿಗೆ ಮೂರರಂತೆ, ಮೇಲೆ ಕೆಳಗೆ ಕುಣಿಕೆಗೊಂದರಂತೆ ಎತ್ತಿ. ಪಕ್ಕದಲ್ಲೂ ಸಾಲಿಗೊಂದು ಎತ್ತಿದರೆ ಅಂಚು ಅಲೆಅಲೆಯಾಗುತ್ತದೆ. ಮೂಲೆಗಳಲ್ಲಿ ಒಂದು ಕುಣಿಕೆ ಗುರುತು ಮಾಡಿ, ಎರಡು ಸಾಲಿಗೊಮ್ಮೆ ಅದರ ಆಚೆ ಈಚೆ ಒಂದೊಂದು ಹೆಚ್ಚಿಸಿ.

ಪ್ರಶ್ನೆ: 40 ಕುಣಿಕೆಯಿಂದ ಶುರು ಮಾಡಿದ ಮಫ್ಲರ್ ಈಗ 47 ಆಗಿದೆ. ನಾನು ಎಲ್ಲೂ ಹೆಚ್ಚಿಸಿಲ್ಲ.

ಸಾಲಿನ ಆರಂಭದಲ್ಲಿ ನೂಲು ಎಲ್ಲಿದೆ ನೋಡಿ. ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದುಕೊಂಡರೆ ಮೊದಲ ಕುಣಿಕೆಯ ಎರಡು ಕಾಲೂ ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದುಬಿಡುತ್ತೀರಿ. ನೂಲು ಕೆಳಗಿನಿಂದ ಹಿಂದಕ್ಕೆ ಹೋಗಬೇಕು. ಮಫ್ಲರಿನ ನಡುವೆ ತೂತುಗಳಿದ್ದರೆ ಕಾರಣ ಬೇರೆ: ನೂಲು ಮುಂದೆ ಉಳಿದಿರುವಾಗಲೇ ನಿಟ್ ಮಾಡಿದ್ದೀರಿ. ಅಲ್ಲಿಯವರೆಗೆ ಬಿಚ್ಚುವುದೇ ನೇರ ದಾರಿ. ಪ್ರತಿ 20 ಕುಣಿಕೆಗೆ ಒಂದು ಗುರುತು ಹಾಕಿಕೊಂಡರೆ ತಪ್ಪು ಅದೇ ಸಾಲಿನಲ್ಲಿ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಗಾರ್ಟರ್ ಹೊದಿಕೆಯಲ್ಲಿ ಹತ್ತು ಸಾಲು ಕೆಳಗೆ ಒಂದು ಕುಣಿಕೆ ಜಾರಿ ಹೋಗಿದೆ. ಎಲ್ಲ ಬಿಚ್ಚಬೇಕೇ?

ಬೇಡ. ಮೊದಲು ಆ ಕುಣಿಕೆಗೆ ಒಂದು ಪಿನ್ ಸಿಕ್ಕಿಸಿ ಇನ್ನೂ ಕೆಳಗೆ ಇಳಿಯದಂತೆ ತಡೆಯಿರಿ. ನಂತರ ಕ್ರೋಶೆ ಕಡ್ಡಿ ತೆಗೆದುಕೊಳ್ಳಿ. ಮೇಲಿನ ಏಣಿಯ ಮೆಟ್ಟಿಲು (ಕುಣಿಕೆ ಜಾರಿದಾಗ ಉಳಿದ ಅಡ್ಡ ನೂಲು) ಕುಣಿಕೆಯ ಹಿಂದೆ ಇದ್ದರೆ ಮುಂದಿನಿಂದ ತೂರಿಸಿ ಎಳೆಯಿರಿ, ಮೆಟ್ಟಿಲು ಮುಂದೆ ಇದ್ದರೆ ಹಿಂದಿನಿಂದ. ಗಾರ್ಟರ್‌ನಲ್ಲಿ ಇವೆರಡೂ ಒಂದಾದ ಮೇಲೊಂದು ಬರುತ್ತವೆ. ಎಲ್ಲವನ್ನೂ ಒಂದೇ ಕಡೆಯಿಂದ ಎತ್ತಿದರೆ ಗಾರ್ಟರ್ ನಡುವೆ ನಯವಾದ ಕಂಬವೊಂದು ಉಳಿದುಬಿಡುತ್ತದೆ.

ಪ್ರಶ್ನೆ: ಒಗೆಯುವಾಗ ಒಂದು ಸ್ವೆಟರ್ ಕುಗ್ಗಿತು, ಇನ್ನೊಂದು ಜೋತುಬಿತ್ತು. ಒಗೆದದ್ದು ಒಂದೇ ರೀತಿ.

ನೂಲು ಬೇರೆಬೇರೆ ಇದ್ದಿರಬೇಕು. ಸಾಮಾನ್ಯ ಉಣ್ಣೆಯ ಎಳೆಗೆ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ, ಅದನ್ನು ಹಿಂದಿನಂತೆ ಮಾಡಲಾಗದು. ಸೂಪರ್‌ವಾಶ್ ಉಣ್ಣೆಯಲ್ಲಿ ಹುರುಪೆಗಳನ್ನು ನಯಗೊಳಿಸಿ ಅಥವಾ ಲೇಪನ ಕೊಟ್ಟು ಮುಚ್ಚಿರುತ್ತಾರೆ. ಅದು ಕುಗ್ಗುವುದಿಲ್ಲ, ಆದರೆ ಹಿಡಿತವೂ ಇಲ್ಲದ್ದರಿಂದ ಒದ್ದೆಯಾದಾಗ ತನ್ನ ಭಾರಕ್ಕೇ ಜೋಲುತ್ತದೆ. ಎರಡಕ್ಕೂ ಹೊಂದುವ ಕ್ರಮ: 30 ಡಿಗ್ರಿ ಮೀರದ ನೀರಿನಲ್ಲಿ 20 ನಿಮಿಷ ನೆನೆಸಿ, ಎರಡೂ ಕೈಯಲ್ಲಿ ಆತು ಎತ್ತಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಹಗ್ಗಕ್ಕೆ ಹಾಕದೆ ನೆಲದ ಮೇಲೆ ಹರಡಿ ಒಣಗಿಸಿ. ಅಕ್ರಿಲಿಕ್ ಹೆಣಿಗೆಗೆ ಮಾತ್ರ ಇಸ್ತ್ರಿ ಮುಟ್ಟಿಸಲೇಬೇಡಿ. ಕಾವಿಗೆ ಎಳೆ ಮೆತ್ತಗಾಗಿ ರಿಬ್‌ನ (ನಿಟ್, ಪರ್ಲ್ ಪಟ್ಟಿಗಳು ಅಕ್ಕಪಕ್ಕ ಬರುವ ಅಂಚಿನ) ಹಿಗ್ಗುವ ಗುಣ ಶಾಶ್ವತವಾಗಿ ಹೊರಟುಹೋಗುತ್ತದೆ.