ನಾಲ್ಕು ಸುವಾರ್ತೆಗಳೇ ಒಂದಕ್ಕೊಂದು ಹೊಂದದಿದ್ದಾಗ ಯೇಸು ಎದ್ದನೆಂದು ನಂಬುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಯೇಸುವಿನ ಸಮಾಧಿಗೆ ಹೋದ ಹೆಂಗಸರು ಯಾರು ಅನ್ನುವುದರಲ್ಲೇ ನಾಲ್ಕು ಸುವಾರ್ತೆಗಳಿಗೆ, ಅಂದರೆ ಯೇಸುವಿನ ಕಥೆ ಹೇಳುವ ಬೈಬಲಿನ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ಪುಸ್ತಕಗಳಿಗೆ, ಒಮ್ಮತವಿಲ್ಲ. ಹೀಗಿರುವಾಗ ಸತ್ತವನು ಎದ್ದು ಬಂದ ಅನ್ನುವುದನ್ನು ಓದಿಕೊಂಡವರೂ ಹೇಗೆ ನಂಬುತ್ತೀರಿ, ಕಣ್ಣು ಮುಚ್ಚಿಕೊಂಡಾ?

ನಾನು ಕ್ರೈಸ್ತ, ನಂಬುತ್ತೇನೆ. ಆದರೆ ಈ ಪ್ರಶ್ನೆ ನನಗೆ ಹೊಸದಲ್ಲ. ಹದಿಮೂರನೇ ವಯಸ್ಸಿನಲ್ಲಿ ಸಂಡೇ ಸ್ಕೂಲಿನಲ್ಲಿ ಇದನ್ನೇ ಕೇಳಿದ್ದೆ. ‘ದೇವರ ವಾಕ್ಯವನ್ನು ಪ್ರಶ್ನೆ ಮಾಡಬಾರದು, ಸುಮ್ನೆ ಕೂತ್ಕೋ’ ಅಂದರು. ಕೂತೆ. ಆಮೇಲೆ ಏಳೆಂಟು ವರ್ಷ ಆರಾಧನೆಗೆ ಹೋದೆ, ಕೀರ್ತನೆ ಹಾಡಿದೆ, ಒಳಗೆ ಏನೂ ಇರಲಿಲ್ಲ. ಆ ಉತ್ತರವನ್ನು ನಿಮಗೆ ಕೊಡಲಾರೆ. ಕೊಡಬಾರದು ಅಂತ ಬೈಬಲೇ ಹೇಳುತ್ತದೆ. ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಯಾರೇ ಕೇಳಿದರೂ ಉತ್ತರ ಹೇಳಲು ಸಿದ್ಧರಾಗಿರಿ, ಅದನ್ನು ಮೃದುವಾಗಿ ಹೇಳಿ ಎನ್ನುತ್ತದೆ ಪೇತ್ರನ ಮೊದಲನೆಯ ಪತ್ರ (3:15).

ಮೊದಲು ವ್ಯತ್ಯಾಸ ಇದೆ ಎಂದು ಒಪ್ಪಿಕೊಳ್ಳೋಣ. ಮಾರ್ಕನಲ್ಲಿ ಮೂವರು: ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ. ಮತ್ತಾಯನಲ್ಲಿ ಇಬ್ಬರು ಮರಿಯರು ಮಾತ್ರ. ಲೂಕನಲ್ಲಿ ಸಲೋಮೆ ಇಲ್ಲ, ಯೋಹಾನಳು ಇದ್ದಾಳೆ, ಜೊತೆಗೆ ‘ಬೇರೆ ಹೆಂಗಸರು’. ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳು ಒಬ್ಬಳೇ. ಅಲ್ಲಿ ಕಂಡ ದೂತರೂ ಒಂದು ಕಡೆ ಒಬ್ಬ, ಇನ್ನೊಂದು ಕಡೆ ಇಬ್ಬರು.

ಈಗ ಯೋಹಾನ 20:2 ತೆಗೆಯಿರಿ. ಒಬ್ಬಳೇ ಹೋದಳು ಅನ್ನಿಸುವ ಆ ಮರಿಯಳು ಓಡಿ ಬಂದು ಯೇಸುವಿನ ಶಿಷ್ಯ ಪೇತ್ರನಿಗೆ ಹೇಳುವುದೇನು? ಸ್ವಾಮಿಯನ್ನು ಎಲ್ಲಿ ಇಟ್ಟಿದ್ದಾರೋ ‘ನಮಗೆ’ ಗೊತ್ತಿಲ್ಲ. ನಮಗೆ! ಹನ್ನೊಂದು ವಾಕ್ಯ ಮುಂದೆ, ಸಮಾಧಿಯ ಬಳಿ ಅಳುತ್ತಾ ಒಬ್ಬಳೇ ನಿಂತಾಗ ಅದೇ ಮಾತು ಮತ್ತೆ ಬರುತ್ತದೆ. ಅಲ್ಲಿ ‘ನನಗೆ’ ಗೊತ್ತಿಲ್ಲ ಎಂದಿದೆ. ಮೊದಲ ಸಲ ಜೊತೆಯಲ್ಲಿ ಬೇರೆಯವರು ಇದ್ದರು, ಯೋಹಾನ ಅವರ ಹೆಸರು ಹೇಳಲಿಲ್ಲ, ಅಷ್ಟೇ. ಲೂಕನಲ್ಲೂ ಹೀಗೆಯೇ. 24:12ರಲ್ಲಿ ಸಮಾಧಿಗೆ ಓಡಿದವನು ಪೇತ್ರನೊಬ್ಬ. 24:24ರಲ್ಲಿ ‘ನಮ್ಮಲ್ಲಿ ಕೆಲವರು’ ಹೋಗಿ ನೋಡಿದರು ಎಂದಿದೆ. ಒಬ್ಬರ ಹೆಸರು ಹೇಳಿದರೆ ಉಳಿದವರು ಇರಲಿಲ್ಲ ಅಂತ ಅರ್ಥವಲ್ಲ, ಅಲ್ವಾ? ಮದುವೆಗೆ ಮಾವ ಬಂದಿದ್ದರು ಅಂದರೆ ಅತ್ತೆ ಬರಲಿಲ್ಲ ಅಂತ ಯಾರೂ ತಿಳಿಯುವುದಿಲ್ಲ.

ಈ ‘ನಮಗೆ’ ನಾನು ಕಂಡುಹಿಡಿದದ್ದಲ್ಲ. ಈಗ ನಾನೇ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಂದು ಈಸ್ಟರ್ ಹತ್ತಿರ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ವಾಕ್ಯದ ಮೇಲೆ ಬೆರಳಿಟ್ಟು ‘ಅಂಕಲ್, ಇಲ್ಲಿ ಯಾಕೆ ನಮಗೆ ಅಂತಿದೆ?’ ಎಂದು ಕೇಳಿದಳು. ಅಷ್ಟು ವರ್ಷ ಓದಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಈ ಏರುಪೇರನ್ನು ಸರಿಮಾಡಲು ಸಭೆಗೆ, ಅಂದರೆ ಕ್ರೈಸ್ತ ಸಮುದಾಯಕ್ಕೆ, ಅವಕಾಶವೂ ಇತ್ತು. ಸುಮಾರು ಕ್ರಿ.ಶ. 170ರ ಹೊತ್ತಿಗೆ ತಾಶಿಯನ್ ಎಂಬವನು ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥೆ ಮಾಡಿದ. ಸಿರಿಯಾದ ಸಭೆಗಳಲ್ಲಿ ಅದನ್ನು ಬಹಳ ಕಾಲ ಓದಿದರು. ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ತನ್ನ ಸೀಮೆಯಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಆ ಜಾಗದಲ್ಲಿ ನಾಲ್ಕು ಸುವಾರ್ತೆಗಳನ್ನೇ ಇಡಿಸಿದ. ಕಥೆ ಕಟ್ಟಿ ಜನರನ್ನು ನಂಬಿಸಬೇಕು ಅನ್ನುವವರಿಗೆ ಆ ಒಂದೇ ಪುಸ್ತಕ ಎಷ್ಟು ಅನುಕೂಲ! ಅದನ್ನು ಬಿಟ್ಟು ಒರಟಾದ ನಾಲ್ಕನ್ನು ಉಳಿಸಿಕೊಂಡರು.

ಇನ್ನು ಆ ಹೆಂಗಸರ ವಿಷಯ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಯೊಸೇಫಸ್, ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದೇ ಬರೆದಿದ್ದಾನೆ. ಅಂಥ ಕಾಲದಲ್ಲಿ ಯಾರಾದರೂ ಸುಳ್ಳು ಕಟ್ಟಿದರೆ ಸಮಾಧಿ ಬರಿದಾಗಿದ್ದನ್ನು ಮೊದಲು ನೋಡಿದವರು ಪೇತ್ರ, ಯೋಹಾನ ಎಂದು ಬರೆಯುತ್ತಿದ್ದರು. ನಾಲ್ಕೂ ಸುವಾರ್ತೆಗಳಲ್ಲಿ ಮೊದಲು ಹೋದವರು ಹೆಂಗಸರು. ಅವರ ಮಾತು ಶಿಷ್ಯರಿಗೇ ಹರಟೆಯಂತೆ ಕಂಡಿತು ಎಂದು ಲೂಕ ಮುಚ್ಚಿಡದೆ ಬರೆಯುತ್ತಾನೆ. ಎರಡನೇ ಶತಮಾನದಲ್ಲಿ ಸೆಲ್ಸಸ್ ಎಂಬ ವಿರೋಧಿ, ತಲೆ ಕೆಟ್ಟ ಹೆಂಗಸೊಬ್ಬಳು ಕಂಡಳಂತೆ ಎಂದು ಹಂಗಿಸಿದ. ಈ ಅವಮಾನ ಬಂದೇ ಬರುತ್ತದೆ ಎಂದು ಬರೆದವರಿಗೂ ಗೊತ್ತಿದ್ದಿರಬೇಕು. ಆದರೂ ಬದಲಾಯಿಸಲಿಲ್ಲ. ನಡೆದದ್ದು ಹಾಗೇ ಇತ್ತು ಅನ್ನುವುದಕ್ಕಿಂತ ಸರಳ ಕಾರಣ ನನಗೆ ಕಾಣುವುದಿಲ್ಲ.

ಸುವಾರ್ತೆಗಳಿಗಿಂತ ಹಳೆಯ ಸಾಕ್ಷಿಯೂ ಇದೆ. ಮೊದಮೊದಲ ಕ್ರೈಸ್ತ ಬೋಧಕರಲ್ಲೊಬ್ಬನಾದ ಪೌಲ ಕೊರಿಂಥದವರಿಗೆ ಮೊದಲನೆಯ ಪತ್ರ ಬರೆದದ್ದು ಕ್ರಿ.ಶ. 53–55ರ ಸುಮಾರಿಗೆ. ಅದರ 15ನೇ ಅಧ್ಯಾಯದಲ್ಲಿ ಎದ್ದ ಯೇಸುವನ್ನು ಕಂಡವರ ಪಟ್ಟಿ ಇದೆ. ಇದು ತನ್ನದಲ್ಲ, ತನಗೆ ಬಂದದ್ದನ್ನೇ ನಿಮಗೆ ಒಪ್ಪಿಸಿದ್ದೇನೆ ಎನ್ನುತ್ತಾನೆ. ಐನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕಂಡರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಹೋಗಿ ವಿಚಾರಿಸಿ ಅಂದ ಹಾಗೆ. ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಅವನು ಯೆರೂಸಲೇಮಿಗೆ ಹೋಗಿ ಪೇತ್ರನ ಜೊತೆ ಹದಿನೈದು ದಿನ ಇದ್ದ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡ. ಹದಿನೈದು ದಿನ ಅವರು ಹವಾಮಾನದ ಬಗ್ಗೆ ಮಾತಾಡಿರಲಾರರು.

ಆ ಯಾಕೋಬನನ್ನು ಸ್ವಲ್ಪ ನೋಡಿ. ಯೇಸು ಬದುಕಿದ್ದಾಗ ತಮ್ಮಂದಿರೂ ಆತನನ್ನು ನಂಬುತ್ತಿರಲಿಲ್ಲ (ಯೋಹಾನ 7:5). ಆಮೇಲೆ ಅದೇ ಯಾಕೋಬ ಯೆರೂಸಲೇಮಿನ ಸಭೆಗೆ ಮುಂದಾಳು. ಸುಮಾರು ಕ್ರಿ.ಶ. 62ರಲ್ಲಿ ಅವನನ್ನು ಕಲ್ಲೆಸೆದು ಕೊಲ್ಲಿಸಿದರು. ಇದನ್ನು ಹೇಳುವವನು ಯೊಸೇಫಸ್, ಕ್ರೈಸ್ತನಲ್ಲ. ಅಣ್ಣನನ್ನು ಶಿಲುಬೆಗೆ ಹಾಕಿದ ಮೇಲೆ ನಂಬದ ತಮ್ಮನ ಮನಸ್ಸು ತಿರುಗಬೇಕಾದರೆ ಏನೋ ಆಗಿರಬೇಕು. ದುಃಖದಲ್ಲಿ ಶಿಷ್ಯರಿಗೆ ಭ್ರಮೆ ಆಗಿರಬಹುದು ಎಂದು ಕೆಲವರು ಹೇಳುತ್ತಾರೆ. ಆದರೆ ಯಾಕೋಬ ಶಿಷ್ಯನಾಗಿರಲಿಲ್ಲ, ಪೌಲನಂತೂ ಸಭೆಯನ್ನು ಹಿಂಸಿಸುತ್ತಿದ್ದವನು.

ಯಾವುದಕ್ಕಾದರೂ ಸಾಯಲು ಸಿದ್ಧನಾದರೆ ಅದು ನಿಜವಾಗಿಬಿಡುವುದಿಲ್ಲ, ಒಪ್ಪುತ್ತೇನೆ. ಇದೆಲ್ಲ ಸೇರಿಸಿದರೂ ಲೆಕ್ಕದ ಹಾಗೆ ಸಾಬೀತಾಗುವುದಿಲ್ಲ. ದೇವರೇ ಇಲ್ಲ ಎಂದು ಮೊದಲೇ ತೀರ್ಮಾನಿಸಿದವರಿಗೆ ಬೇರೆ ಯಾವ ವಿವರಣೆಯಾದರೂ ಇದಕ್ಕಿಂತ ವಾಸಿ ಅನ್ನಿಸುತ್ತದೆ. ಆ ಚರ್ಚೆ ಬೇರೆ. ಆದರೆ ಕಣ್ಣು ಮುಚ್ಚಿಕೊಳ್ಳಿ ಎಂದು ನನಗೆ ಪೌಲ ಹೇಳಲಿಲ್ಲ. ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಅವನೇ ಬರೆದ (1 ಕೊರಿಂಥ 15:14). ಇಪ್ಪತ್ತೊಂದನೇ ವಯಸ್ಸಿನಲ್ಲಿ ಹಾಸ್ಟೆಲ್ ರೂಮಿನಲ್ಲಿ ಆ ವಾಕ್ಯ ಓದಿದಾಗ ಮೊದಲ ಸಲ ಯಾರೋ ನನ್ನ ಪ್ರಶ್ನೆಯನ್ನು ಗೌರವಿಸಿದ ಹಾಗಾಯಿತು. ಅಲ್ಲಿಂದ ಮತ್ತೆ ಓದಲು ಶುರು ಮಾಡಿದೆ.

ನಿಮ್ಮ ಹತ್ತಿರ ಕನ್ನಡ ಬೈಬಲ್ ಇದ್ದರೆ ಮಾರ್ಕ 16:1–8 ಮೊದಲು ಓದಿ, ಆಮೇಲೆ ಯೋಹಾನ 20. ಎರಡಕ್ಕೂ ಸೇರಿ ಕಾಲು ಗಂಟೆ ಸಾಕು. ಓದುವಾಗ ಎಡವಿದ ವಾಕ್ಯ ಯಾವುದು ಎಂದು ಇಲ್ಲೇ ಬರೆಯಿರಿ, ಅದನ್ನೇ ಹಿಡಿದು ಮಾತಾಡೋಣ.