ಅನುಮತಿ ಕೊಟ್ಟದ್ದು ಯಾವ ಖಾತೆಗೆ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯಲ್ಲಿರುವ ನಮ್ಮ ಅಂಗಡಿಯ ಲೆಕ್ಕ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಮೂರು ಡೇಟಾಬೇಸ್‌ಗಳಲ್ಲಿದೆ: ಆವಕ, ಹರಾಜು, ರೈತರ ಬಾಕಿ. ಕೌಂಟರಿನ ಕಂಪ್ಯೂಟರಿನಲ್ಲಿ ಮೊದಲೆರಡು ತೆರೆಯುತ್ತವೆ, ಬಾಕಿಗೆ ಮಾತ್ರ 1044 ದೋಷ ಬರುತ್ತದೆ. ಸರ್ವರ್ ಮುಂದೆ ಕುಳಿತರೆ ಬಾಕಿಯೂ ತೆರೆಯುತ್ತದೆ. ಅನುಮತಿ ಎರಡು ಸಲ ಕೊಟ್ಟಾಯಿತು. ಎಲ್ಲ ಅಧಿಕಾರವನ್ನೂ ಕೊಟ್ಟುಬಿಡಲೇ?

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ದೋಷದ ಸಾಲನ್ನು ಪೂರ್ತಿ ಓದುವವರೇ ಇಲ್ಲ. 1044 ಎಂದರೆ ಪಾಸ್‌ವರ್ಡ್ ಸರಿಯಿದೆ, ಆ ಒಂದು ಡೇಟಾಬೇಸಿಗೆ ಮಾತ್ರ ಪ್ರವೇಶವಿಲ್ಲ ಎಂದರ್ಥ. ಪಾಸ್‌ವರ್ಡ್ ತಪ್ಪಿದ್ದರೆ 1045 ಬರುತ್ತಿತ್ತು.

ಮೈಎಸ್‌ಕ್ಯುಎಲ್‌ನಲ್ಲಿ ಖಾತೆಯೆಂದರೆ ಬರೀ ಹೆಸರಲ್ಲ. ಹೆಸರು, ಎಲ್ಲಿಂದ ಬಂದಿರಿ ಎಂಬುದು ಎರಡೂ ಸೇರಿದ್ದು. ‘ಮಂಡಿ@ಲೋಕಲ್‌ಹೋಸ್ಟ್’ (ಸರ್ವರ್ ಯಂತ್ರದಿಂದಲೇ ಬಂದವರು) ಬೇರೆ, ‘ಮಂಡಿ@%’ (ಯಾವುದೇ ಯಂತ್ರದಿಂದ ಬಂದವರು) ಬೇರೆ. ಒಂದೇ ಹೆಸರಿನ ರೈತರು ಮಾಲೂರಿನಲ್ಲೊಬ್ಬ, ಮುಳಬಾಗಿಲಿನಲ್ಲೊಬ್ಬ ಇದ್ದರೆ ನೀವು ಊರು ನೋಡಿಯೇ ಹಣ ಬಟವಾಡೆ ಮಾಡುತ್ತೀರಿ. ಸರ್ವರ್ ಮಾಡುವುದೂ ಅದನ್ನೇ. ನೀವು ಬರೆದ ಲಕ್ಷಣ ನೋಡಿದರೆ, ಬಾಕಿಯ ಅನುಮತಿ ಎರಡು ಸಲವೂ ಲೋಕಲ್‌ಹೋಸ್ಟ್ ಖಾತೆಗೇ ಹೋಗಿದೆ.

ಕೌಂಟರಿನ ಯಂತ್ರದಿಂದಲೇ ‘ಸೆಲೆಕ್ಟ್ ಯೂಸರ್(), ಕರೆಂಟ್_ಯೂಸರ್()’ ಎಂದು ಕೇಳಿ. ಮೊದಲನೆಯದು ನೀವು ಯಾರೆಂದು ಹೇಳಿಕೊಂಡು ಬಂದಿರಿ ಎಂಬುದು. ಎರಡನೆಯದು ಸರ್ವರ್ ನಿಮ್ಮನ್ನು ಯಾರೆಂದು ಗುರುತಿಸಿತು ಎಂಬುದು. ಎಡಕ್ಕೆ ‘ಮಂಡಿ@192.168.1.14’ (ಕೌಂಟರಿನ ಯಂತ್ರದ ವಿಳಾಸ), ಬಲಕ್ಕೆ ‘ಮಂಡಿ@%’ ಬಂದರೆ ನಿಮ್ಮ ಖಾತೆ ಬಲಗಡೆಯದು. ಅಲ್ಲಿಯೇ ಅನುಮತಿಗಳ ಪಟ್ಟಿ ತೋರಿಸುವ ‘ಶೋ ಗ್ರ್ಯಾಂಟ್ಸ್’ ಕೊಟ್ಟು ನೋಡಿ, ಬಾಕಿಯ ಸಾಲು ಇರುವುದಿಲ್ಲ. ಸರ್ವರ್‌ನಲ್ಲಿ ರೂಟ್ (ಮುಖ್ಯ ಆಡಳಿತ ಖಾತೆ) ಆಗಿ ಕುಳಿತು ಆ ಖಾತೆಗೆ, ಆ ಡೇಟಾಬೇಸಿಗೆ, ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ (ಓದುವುದು, ಸೇರಿಸುವುದು, ತಿದ್ದುವುದು) ಮಾತ್ರ ಕೊಡಿ. ಡೇಟಾಬೇಸಿನ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಅದರ ಎಡಗಡೆ ಬ್ಯಾಕ್‌ಸ್ಲ್ಯಾಷ್ ಹಾಕಿ. ಇಲ್ಲವಾದರೆ ಗ್ರ್ಯಾಂಟ್ ಎಂಬ ಅನುಮತಿ ಕೊಡುವ ಆದೇಶದಲ್ಲಿ ಅದಕ್ಕೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥ ಬಂದು, ನೀವೆಣಿಸದ ಡೇಟಾಬೇಸಿಗೂ ಅನುಮತಿ ಸಿಕ್ಕಿಬಿಡುತ್ತದೆ.

ಎಲ್ಲದಕ್ಕೂ ಎಲ್ಲ ಅಧಿಕಾರ ಕೊಟ್ಟರೆ ಸರಿಹೋಗುತ್ತದೆ ಎನ್ನುವ ಅರೆಬರೆ ಪಂಡಿತರನ್ನು ಯಂತ್ರದ ಹತ್ತಿರ ಸೇರಿಸಬೇಡಿ. ಅದರಲ್ಲಿ ಟೇಬಲನ್ನೇ ಅಳಿಸುವ ಡ್ರಾಪ್ ಕೂಡ ಇರುತ್ತದೆ. ತಿಪಟೂರಿನ ಒಂದು ಕೊಬ್ಬರಿ ಅಂಗಡಿಯಲ್ಲಿ ಗುಮಾಸ್ತರೊಬ್ಬರು ಬೇಡದ ಟೇಬಲ್ ಎಂದುಕೊಂಡು ಆ ವರ್ಷದ ಮುಂಗಡದ ಟೇಬಲನ್ನೇ ಅಳಿಸಿದ್ದರು. ಬ್ಯಾಕಪ್ ಹನ್ನೊಂದು ದಿನ ಹಳೆಯದು. ತೂಕದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಒಂದೊಂದೇ ಸಾಲು ಮತ್ತೆ ತುಂಬಿದೆವು. ಗುಮಾಸ್ತರನ್ನು ಎಲ್ಲರೂ ಬೈದರು. ತಪ್ಪು ಅಧಿಕಾರ ಕೊಟ್ಟವರದು.

ಪ್ರಶ್ನೆ: ಗ್ರ್ಯಾಂಟ್ ಆದ ಮೇಲೆ ‘ಫ್ಲಷ್ ಪ್ರಿವಿಲೆಜಸ್’ (ಅನುಮತಿಗಳನ್ನು ಸರ್ವರ್ ಮತ್ತೆ ಓದಿಕೊಳ್ಳುವಂತೆ ಮಾಡುವ ಆದೇಶ) ಮರೆತದ್ದೇ ದೋಷಕ್ಕೆ ಕಾರಣವೇ? (ಚಿಂತಾಮಣಿ)

ಉತ್ತರ: ಅಲ್ಲ. ಅನುಮತಿಯ ಟೇಬಲ್‌ಗಳನ್ನು ಕೈಯಾರೆ ತಿದ್ದಿದವರಿಗೆ ಮಾತ್ರ ಅದು ಬೇಕು. ಹಾಗೆ ತಿದ್ದಲೇಬಾರದು.

ಪ್ರಶ್ನೆ: 8.0 ಆವೃತ್ತಿಗೆ ಬಂದ ಮೇಲೆ ಗ್ರ್ಯಾಂಟ್ ಹೊಸ ಬಳಕೆದಾರರನ್ನು ಸೃಷ್ಟಿಸುತ್ತಿಲ್ಲ. (ಶಿರಾ)

ಉತ್ತರ: ಸೃಷ್ಟಿಸುವುದೂ ಇಲ್ಲ. ಮೊದಲು ‘ಕ್ರಿಯೇಟ್ ಯೂಸರ್’, ಆಮೇಲೆ ಗ್ರ್ಯಾಂಟ್.